ಮಂಗಳವಾರ, ಹಿಂದಿನ ಸೀಟು

ಮೊದಲೇ ಹೇಳಿಬಿಡುತ್ತೇನೆ: ಮುಂದಿನ ಸೀಟಿಗೆ ಜಗಳಾಡುವವರಿಗೆ
ಕೋಸ್ಟರ್ ಅಂದರೆ ಏನೆಂದು ಗೊತ್ತಿಲ್ಲ.
ಮುಂದೆ ಕೂತರೆ ಕಾಣುತ್ತದೆ, ಅಷ್ಟೇ.
ಹಿಂದೆ ಕೂತವನನ್ನು
ಇಡೀ ಗಾಡಿ ಎಳೆದುಕೊಂಡು ಹೋಗಿ ಕೆಳಗೆ ಬಿಸಾಡುತ್ತದೆ.
ಆಗ ಸೀಟಿಗೂ ತೊಡೆಗೂ ನಡುವೆ
ಹತ್ತು ರೂಪಾಯಿಯ ನೋಟು ತೂರಿಸುವಷ್ಟು ಜಾಗ.
ಆ ಜಾಗಕ್ಕೇ ನಾನು ದುಡ್ಡು ಕೊಡುವುದು.

ಸ್ಟೇಟ್‌ಬ್ಯಾಂಕಿನಿಂದ ಕಾಟಿಪಳ್ಳ, ಕಾಟಿಪಳ್ಳದಿಂದ ಸ್ಟೇಟ್‌ಬ್ಯಾಂಕ್,
ಹತ್ತೊಂಬತ್ತು ವರ್ಷ ಏನನ್ನೂ ಹಿಡಿಯದೆ ನಿಂತವ ನಾನು.
ಒಂದು ಕೈಯಲ್ಲಿ ಚಿಲ್ಲರೆ, ಇನ್ನೊಂದರಲ್ಲಿ ಟಿಕೆಟ್ ಮಿಷನ್,
ಕೂಳೂರಿನ ಗುಂಡಿಗಳಿಗೆ ಮೊಣಕಾಲೇ ಸ್ಪ್ರಿಂಗು.
ಹಾಗಾಗಿ ಮಂಗಳವಾರದ ರಜೆಗೆ
ಮುಲ್ಕಿಯಾಚೆ, ಹಳೇ ಕೆಂಪುಕಲ್ಲಿನ ಕೋರೆಯಲ್ಲಿ ಎದ್ದ ಪಾರ್ಕಿಗೆ,
ಒಂದು ಸರಳು ಹಿಡಿದು ಕೂರಲು ಹೋಗುತ್ತೇನೆ.
ಹೆಂಡತಿ ಐರಿನ್ ನಗುತ್ತಾಳೆ:
"ಬೇರೆಯವರಿಗೆ ಕುಡಿಯುವ ಚಟ, ನಿಮಗೆ ಬೀಳುವುದು."

ಮರದ ಕೋಸ್ಟರ್ ಎಲ್ಲೋ ಉಂಟಂತೆ. ಹತ್ತಿಲ್ಲ.
ಹತ್ತದ್ದರ ಬಗ್ಗೆ ಮಾತಾಡುವುದಿಲ್ಲ.
ಹತ್ತಿದ್ದು ಒಟ್ಟು ಆರು, ಡೈರಿಯಲ್ಲಿ ಉಂಟು.
ತಲೆಕೆಳಗಾಗುವ ಸುತ್ತು ಮಕ್ಕಳಿಗೆ;
ರಕ್ತ ಕಿವಿಗೆ ಬಂದು ಮರಳುತ್ತದೆ, ಮುಗಿಯಿತು.
ವಿಷಯ ಇರುವುದು ಏರಿನಲ್ಲಿ.
ಸರಪಳಿ ಟಕ್ ಟಕ್ ಎಂದು ಮೇಲೆಳೆಯುವಾಗ
ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸುತ್ತಾರಲ್ಲ, ಅದು.
ತುದಿಯಲ್ಲಿ ಎರಡು ಸೆಕೆಂಡು ಕಡಲು.
ಆಗ ನಾನು ಮೆಲ್ಲಗೆ, ಪಕ್ಕದವನಿಗೂ ಕೇಳದ ಹಾಗೆ,
"ರೈಟ್, ಪೋಯಿ" ಎನ್ನುತ್ತೇನೆ.

ಸುದ್ದಿ ಬೇಕಾದರೆ:
ಹೊಸ ಕೋಸ್ಟರಿನ ಹಳಿ ಮೂರು ಟ್ರೇಲರಿನಲ್ಲಿ ಹೊರಟು
ಒಂದು ಶಿರಾಡಿಯ ತಿರುವಿನಲ್ಲಿ ಸಿಕ್ಕಿ ಹದಿನೆಂಟು ದಿನ.
ಬಂದ ಎರಡರ ಹಳಿ ಹುಲ್ಲಲ್ಲಿ ಮಲಗಿದೆ, ಅದರ ಮೇಲೆ ಯಾರದೋ ಲುಂಗಿ ಒಣಗುತ್ತದೆ.
ಮೇ ತಿಂಗಳಿಗೆ ಶುರು ಎಂದು ಫ್ಲೆಕ್ಸು. ಯಾವ ಮೇ, ಬರೆದಿಲ್ಲ.
ಗೋಳಿಬಜೆ ಪ್ಲೇಟಿಗೆ ಎಪ್ಪತ್ತು.

ಇನ್ನು ಸೆಕ್ಯುರಿಟಿ.
ಗೇಟಿನಲ್ಲಿ ಏಳು ಜನ, ಕೀಂ ಕೀಂ ಎನ್ನುವ ಒಂದು ಚೌಕಟ್ಟು.
ನನ್ನ ಚೀಲದೊಳಗಿನ ಚೀಲದೊಳಗಿನ
ಪತ್ರೊಡೆ ಡಬ್ಬಿಯನ್ನು ಹೊರಗಿಡಿಸುತ್ತಾರೆ.
ಮೇಲೆ, ಗಾಡಿಯ ಹತ್ತಿರ, ಒಬ್ಬನೇ ಹುಡುಗ
ಹದಿನಾರು ಸರಳುಗಳನ್ನು ನಡೆಯುತ್ತಲೇ ಕಾಲಲ್ಲಿ ಒತ್ತುತ್ತಾನೆ,
ಕಣ್ಣು ಮೊಬೈಲಿನಲ್ಲಿ.
ನಾನು ಹೇಳುವುದು ಇಷ್ಟೇ ಮಾರಾಯ್ರೇ:
ನನ್ನ ಪತ್ರೊಡೆಯಿಂದ ಈವರೆಗೆ ಯಾರೂ ಸತ್ತಿಲ್ಲ.

ಆ ಏಳರಲ್ಲಿ ಒಬ್ಬರು ವಾರಿಜಕ್ಕ.
ಮೂವತ್ತು ವರ್ಷ ಬೀಡಿ ಸುತ್ತಿದ ಬೆರಳು,
ಚೀಲದೊಳಗೆ ನೋಡದೆಯೇ ಲೆಕ್ಕ ಹಾಕುತ್ತದೆ: ಕೊಡೆ, ಮಾತ್ರೆ, ಡಬ್ಬಿ.
ಕಳೆದ ವಾರ ಡಬ್ಬಿ ತೆಗೆದಿಡುತ್ತಾ ಅಂದರು:
"ಇವತ್ತು ಹತ್ತಬೇಡಿ."
"ಎಂತಕ್ಕೆ?"
"ಮೂರನೇ ತಿರುವಿನಲ್ಲಿ ಒಂದು ಟಿಕ್ ಜಾಸ್ತಿ ಉಂಟು. ಶನಿವಾರದಿಂದ."

ಒಂದು ಸಲವೂ ಹತ್ತಿದವರಲ್ಲ ಅವರು.
ದಿನಕ್ಕೆ ನಲವತ್ತು ಸಲ ತಲೆಯ ಮೇಲೆ ಹೋದದ್ದನ್ನು ಕೇಳಿದವರು.
ಸೂಪರ್‌ವೈಸರಿಗೆ ಹೇಳಿದರೆ "ನಿಮ್ಮ ಕೆಲಸ ಚೀಲ" ಅಂದನಂತೆ.

ಆರು ಕೋಸ್ಟರ್ ಹತ್ತಿದವ, ಡೈರಿ ಇಟ್ಟವ,
ಹಲಸಿನ ಮರದಡಿ ಅವರ ಪಕ್ಕ ನಿಂತು ಕಿವಿಗೊಟ್ಟೆ.
ಒಂದು ಗಾಡಿ. ಎರಡು. ನನಗೆ ಕೇಳಿಸಿದ್ದು ಕಿರಿಚಾಟ.
"ಕಿರುಚುವುದನ್ನು ಬಿಡಿ," ಅಂದರು, "ಅದರ ಅಡಿಯಲ್ಲಿ."
ಮೂರನೆಯದರಲ್ಲಿ ಸಿಕ್ಕಿತು,
ನಾಲ್ಕಾಣೆ ಬಿದ್ದಷ್ಟು ಸದ್ದು.
ಚಿಲ್ಲರೆಯವನಿಗೆ ಅದು ಮೊದಲೇ ಕೇಳಬೇಕಿತ್ತು.

ಮೆಟ್ಟಿಲು ಹತ್ತಿ ಹುಡುಗನಿಗೆ ಹೇಳಿದೆ. ಗುಂಡಿ ಒತ್ತಲು ಬೆರಳೆತ್ತಿದ್ದ.
ಜೇಬಿನ ವಿಸಿಲ್ ಬಾಯಿಗೆ ಬಂತು.
ಉದ್ದಕ್ಕೆ ಒಂದೇ ಒಂದು.
ಒಂದು ಅಂದರೆ ನಿಲ್ಲು. ಈ ಕಡೆ ಬಸ್ಸಿನಲ್ಲಿ ಬೆಳೆದವರ
ಕೈಕಾಲಿಗೇ ಅದು ಗೊತ್ತು. ಅವನ ಬೆರಳು ನಿಂತಿತು,
ಕಣ್ಣು ಮೊದಲ ಸಲ ಹಳಿಯ ಕಡೆ ಹೋಯಿತು.

ಎರಡು ದಿನ ಬಂದ್. "ತಾಂತ್ರಿಕ ಕಾರಣ" ಎಂದು ಬೋರ್ಡು.
ಯಾರು ಕೇಳಿಸಿಕೊಂಡರು ಎಂದು ಅದರಲ್ಲಿ ಇಲ್ಲ.

ಆ ಸಂಜೆ ಗೇಟಿನಲ್ಲಿ ಡಬ್ಬಿ ವಾಪಸು ಕೊಟ್ಟಾಗ ಹಗುರವಿತ್ತು.
ತೆರೆದು ನೋಡಿದೆ, ಎರಡು ತುಂಡು ಕಡಿಮೆ.
ವಾರಿಜಕ್ಕ ಮುಂದಿನವರ ಚೀಲಕ್ಕೆ ಕೈ ಹಾಕುತ್ತಾ,
ನನ್ನ ಕಡೆ ನೋಡದೆಯೇ,
"ಹುಳಿ ಸ್ವಲ್ಪ ಕಮ್ಮಿ" ಅಂದರು.